ಲಾಟೀನು ಆಮೆಯ ಚೀಟಿ

ಪ್ರೂಫ್ ಕೋಣೆ
ಮಂಗಳವಾರ, ಊಟದ ಬಿಡುವು

ಮುದ್ದು ಚೂಟಿಗೆ ಅಕ್ಕನ ಪ್ರೀತಿ.

ನೀನು ಚೆನ್ನಾಗಿದ್ದೀಯ ಎಂದು ಅಕ್ಷರ ನೋಡಿದಾಗಲೇ ಗೊತ್ತಾಯಿತು. ದಣಿದಾಗ ನಿನ್ನ ಒತ್ತಕ್ಷರಗಳು ಸಾಲು ಬಿಟ್ಟು ಕೆಳಗೆ ಜಾರುತ್ತವೆ. ಈ ಸಲ ಒಂದೂ ಜಾರಿಲ್ಲ. ಹತ್ತೊಂಬತ್ತು ವರ್ಷ ಈ ಪ್ರೆಸ್ಸಿನಲ್ಲಿ ಕಂಡವರ ತಪ್ಪು ತಿದ್ದಿದವಳಿಂದ ಏನನ್ನೂ ಮುಚ್ಚಿಡಲಾಗದು, ನೆನಪಿರಲಿ.

ಪತ್ರದ ಜೊತೆ ಕಳಿಸಿದ ಲಾಟೀನು ಆಮೆಯ ಕಾರ್ಡೂ ತಲುಪಿತು. ಎರಡು ರಟ್ಟಿನ ನಡುವೆ ಇಟ್ಟು ಅದೆಷ್ಟು ಟೇಪು ಸುತ್ತಿದ್ದೀಯೆ ಮಾರಾಯ್ತಿ, ಬಿಚ್ಚುವಷ್ಟರಲ್ಲಿ ನನ್ನ ಉಗುರು ಮುರಿಯಿತು. ಹಲ್ಲಿನ ಸೆಟ್ಟು ತಯಾರಿಸುವವಳ ಕೈಕೆಲಸ ಹೀಗೆಯೇ ಇರಬೇಕು ಅಂದುಕೊಂಡೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಭಾನುವಾರದ ಕಾರ್ಡಾಟದ ಜೋಡಿ ಪಂದ್ಯಕ್ಕೆ ನಲವತ್ತು ಕಾರ್ಡುಗಳ ಪಟ್ಟಿಯನ್ನು ಶುಕ್ರವಾರ ಸಂಜೆಯೊಳಗೆ ಕೊಡಬೇಕು. ಮೂವತ್ತೊಂಬತ್ತು ಗಟ್ಟಿಯಾಗಿವೆ. ನಲವತ್ತನೆಯದು ಆಮೆಯೋ, ಬೇರೊಂದೋ? ಗೆದ್ದರೆ ನೀವಿಬ್ಬರೂ ಮೊದಲ ದರ್ಜೆಗೆ ಏರುತ್ತೀರಿ, ಸೋತರೆ ಮತ್ತೊಂದು ವರ್ಷ ಇದ್ದಲ್ಲೇ. ನಿನ್ನ ಜೊತೆಗಾತಿ, "ಅದನ್ನ ಈಗ ಯಾರೂ ಆಡಲ್ಲ, ನೀನು ಸುಮ್ನೆ ಸೆಂಟಿಮೆಂಟಿಗೆ ಇಟ್ಕೊಂಡಿದೀಯ" ಅಂದಳಂತೆ. ನೀನು ಅಕ್ಕ ಹೇಳಿದ ಹಾಗೆ ಮಾಡುತ್ತೇನೆ ಎಂದು ಬರೆದು, ಹೊಣೆಯನ್ನು ನನ್ನ ತಲೆಗೆ ಕಟ್ಟಿ ಹಾಯಾಗಿ ಕುಳಿತೆ.

ಆಡಿ ನೋಡದೆ ಅಭಿಪ್ರಾಯ ಹೇಳುವವಳು ನಾನಲ್ಲ. ನೀನು ಬರೆದುಕೊಟ್ಟ ಪಟ್ಟಿಯ ಪ್ರಕಾರ, ಮನೆಯಲ್ಲಿ ನೀನು ಬಿಟ್ಟುಹೋದ ಪೆಟ್ಟಿಗೆಯಿಂದ ಕಟ್ಟು ಜೋಡಿಸಿಕೊಂಡೆ. ಎದುರಾಳಿ ಬೇಕಲ್ಲ? ನಮ್ಮ ಪ್ರೆಸ್ಸಿನಲ್ಲಿ ಈ ಆಟ ಬರುವವರು ಬೈಂಡರ್ ಒಬ್ಬರೇ. ಹೋದ ವರ್ಷ ನೀನು ಬಂದಾಗ ಕಾರ್ಡಿನ ಕಾಗದ ಎಷ್ಟು ದಪ್ಪ ನೋಡಬೇಕೆಂದು ಕೈಗೆ ತೆಗೆದುಕೊಂಡು, ಆಟಕ್ಕೇ ಸಿಕ್ಕಿಬಿದ್ದವರು. ಎರಡು ವಾರದಿಂದ ಊಟದ ಬಿಡುವಿನಲ್ಲಿ ಕಾಗದ ಕತ್ತರಿಸುವ ಮೇಜಿನ ಮೇಲೆ ಆಡುತ್ತಿದ್ದೇವೆ. ಬರೀ ಕಾರ್ಡಿನ ಪರೀಕ್ಷೆಗಾಗಿ. ನೀನು ಹುಬ್ಬು ಹಾರಿಸುವ ಅಗತ್ಯವಿಲ್ಲ.

ಮೊದಲು ನಾನೇ ಆಮೆಯನ್ನು ಆಡಿದೆ. ಅದರ ಗುಣ ನಿನಗೆ ಗೊತ್ತಿದ್ದದ್ದೇ. ದಾಳಿಯ ಬಲ ಸೊನ್ನೆ. ಒಬ್ಬರಿಗೂ ಒಂದು ಏಟು ಹಾಕದ ಮೃಗ. ಆದರೆ ಅದು ಮೈದಾನದಲ್ಲಿ ನಿಂತಿರುವವರೆಗೆ ಸರದಿಗೆ ಒಂದು ಕಾರ್ಡು ಹೆಚ್ಚಾಗಿ ಸಿಗುತ್ತದೆ. ಜೊತೆಗೆ ಅದು ಸರದಿಗೊಮ್ಮೆ ಲಾಟೀನು ಎತ್ತಿ ಹಿಡಿದರೆ, ಬೆಳಕು ಬಿದ್ದ ಮೃಗವನ್ನು ಎದುರಾಳಿ ತನ್ನ ಮುಂದಿನ ಸರದಿಯಲ್ಲಿ ಕೆಡವಲಾರ. ನಾನು ನನ್ನ ಹುಲಿಗೆ ಬೆಳಕು ಹಿಡಿದೆ, ಹದ್ದಿಗೆ ಹಿಡಿದೆ. ಬೈಂಡರ್ ಅವೆರಡರ ತಂಟೆಗೇ ಬರದೆ ನೇರವಾಗಿ ಆಮೆಯನ್ನು ಹೊಡೆದುಹಾಕಿದರು. ಕೈಯಲ್ಲಿ ಲಾಟೀನು ಹಿಡಿದೂ ತಾನು ಮಾತ್ರ ಕತ್ತಲೆಯಲ್ಲಿ ನಿಂತ ಪಾಪದ ಪ್ರಾಣಿ. ಹದಿನಾಲ್ಕು ಆಟದಲ್ಲಿ ಹತ್ತು ಸೋತೆ. ಹೋದ ಗುರುವಾರ ನಿನಗೆ ಪತ್ರ ಬರೆದೂ ಆಗಿತ್ತು: ಮುಂದಿರುವಾಗ ಈ ಕಾರ್ಡು ಬೇಕಾಗುವುದಿಲ್ಲ, ಹಿಂದೆ ಬಿದ್ದಾಗ ಒಂದು ಸರದಿಯೂ ಬಾಳುವುದಿಲ್ಲ, ಮನಸ್ಸು ಗಟ್ಟಿ ಮಾಡಿ ತೆಗೆದುಬಿಡು ಎಂದು. ಅಂಚೆಗೆ ಹಾಕಲು ಮಾತ್ರ ಕೈ ಬರಲಿಲ್ಲ.

ಯಾಕೆಂದು ನಿನಗೆ ಗೊತ್ತು. ಅಮ್ಮ ತೀರಿಕೊಂಡ ವರ್ಷ ನಿನಗೆ ಒಂಬತ್ತು, ನನಗೆ ಇಪ್ಪತ್ಮೂರು. ನೀನು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಮೇಲಿನ ಮನೆಯವರು ಕೊಟ್ಟ ಹಳೆಯ ಕಾರ್ಡುಗಳಲ್ಲಿ ಈ ಆಮೆಯನ್ನು ಆರಿಸಿಕೊಂಡು ಬಂದು, ಪರಭಾಷೆಯ ಆ ಸಣ್ಣ ಅಕ್ಷರಗಳಲ್ಲಿ ಏನು ಬರೆದಿದೆ ಎಂದು ಕೇಳಿದೆ. ಎಷ್ಟೋ ದಿನಗಳಾದ ಮೇಲೆ ನೀನು ಆಡಿದ ಮೊದಲ ಮಾತು ಅದು. ನಾನು ನಿಘಂಟು ತೊಡೆಯ ಮೇಲಿಟ್ಟುಕೊಂಡು, ಪದಪದಕ್ಕೂ ಅರ್ಥ ಹುಡುಕಿ, ಚೀಟಿಯಲ್ಲಿ ಬರೆದು ಕಾರ್ಡಿನ ಕವರಿನೊಳಗೆ ಸೇರಿಸಿದೆ. "ಸರದಿಗೊಮ್ಮೆ ನಿನ್ನ ಇನ್ನೊಂದು ಮೃಗಕ್ಕೆ ಬೆಳಕು ಹಿಡಿ." ನೀನು ಎರಡು ಸಲ ಗಟ್ಟಿಯಾಗಿ ಓದಿ, "ಅಕ್ಕ, ಇದು ನಿನ್ನ ಥರಾನೇ ಇದೆ" ಅಂದೆ. ನಾನು ಒಲೆ ನೋಡುವ ನೆಪದಲ್ಲಿ ಎದ್ದುಹೋಗಿ ಅತ್ತೆ. ನಿನಗೆ ಇದನ್ನು ಯಾವತ್ತೂ ಹೇಳಿರಲಿಲ್ಲ. ಆ ಮಾತನ್ನು ನಾನು ಇಷ್ಟು ವರ್ಷ ಒಂದು ಬಹುಮಾನದ ಹಾಗೆ ಇಟ್ಟುಕೊಂಡಿದ್ದೆ.

ಹೋದ ಶುಕ್ರವಾರ ಬೈಂಡರ್ ಕಟ್ಟು ಬದಲಿಸಿಕೊಳ್ಳೋಣ ಅಂದರು. ಈಗ ಆಮೆ ಅವರದು, ಹೊಡೆಯುವ ಸರದಿ ನನ್ನದು. ನಾನು ಅವರ ಹುಲಿಯನ್ನೂ ಹದ್ದನ್ನೂ ಕೆಡವಿದೆ. ಆಮೆ ಒಂಟಿಯಾಯಿತು. ಆಟ ಮುಗಿಯಿತೆಂದು ಊಟದ ಡಬ್ಬಿಗೆ ಕೈಹಾಕಿದರೆ, ಅವರು ಆಮೆಗೆ ಆಮೆಯದೇ ಬೆಳಕು ಹಿಡಿದು, "ನಿಮ್ಮ ಸರದಿ" ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ಇದು ಮೋಸ, ಅದು ತನಗೆ ತಾನೇ ಬೆಳಕು ಹಿಡಿದುಕೊಳ್ಳುವ ಹಾಗಿಲ್ಲ ಎಂದು ಕೂಗಾಡಿದೆ. ಮುದ್ರಣದ ಹುಡುಗಿಯರಿಬ್ಬರು ಬಾಗಿಲಲ್ಲಿ ಬಂದು ನಿಂತರು. ಬೈಂಡರ್ ಕೈಯ ಅಂಟನ್ನು ಬಟ್ಟೆಗೆ ಒರೆಸಿಕೊಂಡು, "ಮೇಡಂ, ಎಲ್ಲರ ಬರಹಾನೂ ತಿದ್ತೀರಿ. ಆ ಚೀಟಿ ಒಂಚೂರು ಸರಿಸಿ, ಕೆಳಗೇನಿದೆ ಓದಿ" ಅಂದರು.

ಚೀಟಿ ಸರಿಸಿದೆ. ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಚೂಟಿ, ಕಾರ್ಡಿನಲ್ಲಿ "ಇನ್ನೊಂದು" ಅನ್ನುವ ಪದವೇ ಇಲ್ಲ. "ನಿನ್ನ ಒಂದು ಮೃಗಕ್ಕೆ" ಎಂದಷ್ಟೇ ಇದೆ. ಯಾವ ಮೃಗವಾದರೂ ಆದೀತು. ಆಮೆಯೂ ಒಂದು ಮೃಗವೇ. ಆ ಪದ ನಿಘಂಟಿನಿಂದ ಬಂದದ್ದಲ್ಲ, ನನ್ನ ತಲೆಯಿಂದ ಬಂದದ್ದು. ಆಗ ನನಗೆ ಕಾಪಾಡುವುದೆಂದರೆ ಇನ್ನೊಬ್ಬರನ್ನು ಎಂದಷ್ಟೇ ಅರ್ಥವಿತ್ತು. ಬೇರೆ ಅರ್ಥವಿರಬಹುದೆಂದು ತೋಚಲೇ ಇಲ್ಲ.

ಸ್ಪರ್ಧೆಗೆ ಹೋಗುವಾಗ ನೀನು ಚೀಟಿ ತೆಗೆದಿಟ್ಟು ಹೋಗುತ್ತಿದ್ದೆ, ನಿಜ. ಆದರೆ ಬಾಯಿಪಾಠವಾದದ್ದನ್ನು ಯಾರು ತಿರುಗಿ ಓದುತ್ತಾರೆ? ಬರೆದವರ ಕೈಗೆ ಅವರದೇ ಪ್ರೂಫ್ ಕೊಡಬಾರದು ಎಂದು ನಮ್ಮಲ್ಲಿ ನಿಯಮವಿರುವುದೇ ಅದಕ್ಕೆ. ಕಣ್ಣು ಕಾಗದವನ್ನು ಓದುವುದಿಲ್ಲ, ತಲೆಯಲ್ಲಿರುವುದನ್ನೇ ಓದಿಕೊಂಡು ಹೋಗುತ್ತದೆ. ಇನ್ನು ನೀನು ಬಳಸದೆ ಬಿಟ್ಟ ಬಲವನ್ನು ಎದುರಾಳಿ ಯಾಕಾದರೂ ನೆನಪಿಸಿಯಾನು?

ಎರಡು ವರ್ಷದ ಹಿಂದಿನ ಸೆಮಿಫೈನಲ್ ನೆನಪಾಯಿತು. ನಿನ್ನ ಕಡೆ ಆಮೆಯೊಂದೇ ಉಳಿದಿತ್ತು. ನೀನು ನಗುತ್ತಾ ಕಟ್ಟಿನ ಮೇಲೆ ಅಂಗೈ ಇಟ್ಟು ಸೋಲೊಪ್ಪಿದೆ. ನಾನು ಮೂರನೇ ಸಾಲಿನಲ್ಲಿ ಕುಳಿತಿದ್ದೆ. ಆವತ್ತು ಅದು ತನಗೇ ಬೆಳಕು ಹಿಡಿದಿದ್ದರೆ ಇನ್ನೊಂದು ಸರದಿ, ಇನ್ನೆರಡು ಕಾರ್ಡು ನಿನ್ನ ಕೈಗೆ ಬರುತ್ತಿತ್ತು. ಗೆಲ್ಲುತ್ತಿದ್ದೆಯೋ ಇಲ್ಲವೋ, ನನ್ನ ಒಂದು ಪದ ನಿನ್ನನ್ನು ಅಲ್ಲೇ ನಿಲ್ಲಿಸಿತು. ತಪ್ಪಾಯಿತು ಕಣೇ. ಬಯ್ಯಬೇಕೆನಿಸಿದರೆ ಬಯ್ದುಬಿಡು, ಒಳಗೆ ಇಟ್ಟುಕೊಳ್ಳಬೇಡ.

ಆಮೇಲೆ ಸರಿಯಾದ ಓದಿನಲ್ಲಿ, ಸಂಜೆ ಕೆಲಸ ಮುಗಿದ ಮೇಲೂ ಕುಳಿತು, ಮತ್ತೆ ಹದಿನಾಲ್ಕು ಆಟ ಆಡಿದೆವು. ಆಮೆ ಆಡಿದವರು ಒಂಬತ್ತು ಗೆದ್ದರು. ಗೆದ್ದದ್ದಕ್ಕಿಂತ ಗೆದ್ದ ಬಗೆ ನೋಡು. ಮುಂದಿರುವಾಗ ಬೆಳಕು ಹುಲಿಗೆ. ಎಲ್ಲ ಬಿದ್ದುಹೋದಾಗ ಬೆಳಕು ತನಗೆ. ಅದು ನಿಂತಿದ್ದರೆ ತಾನೇ ಹೆಚ್ಚಿನ ಕಾರ್ಡು? ನಿಂತಲ್ಲೇ ನಿಂತು ಎರಡು ಸರದಿ ಕಾದರೆ ಕೈ ತುಂಬುತ್ತದೆ, ಹುಲಿ ಮತ್ತೆ ಬರುತ್ತದೆ. ಎಲ್ಲರಿಗೂ ಒಮ್ಮೆಗೇ ಸಿಡಿಲು ಬೀಳಿಸುವ ಕಾರ್ಡು ಬಂದರೆ ಮಾತ್ರ ಹುಷಾರು: ಬೆಳಕು ಒಬ್ಬರಿಗೇ, ಆಗ ಆಮೆಯನ್ನೇ ಉಳಿಸಿಕೋ. ಕರಡಿನಲ್ಲಿ ಒಂದು ಪದ ಬೇಡವಾದರೆ ನಾವು ಅಂಚಿನಲ್ಲಿ ಸುಳಿ ಹಾಕುತ್ತೇವೆ, ಉಳಿಯಬೇಕಾದರೆ ಕೆಳಗೆ ಚುಕ್ಕಿ ಇಟ್ಟು "ಇರಲಿ" ಎಂದು ಬರೆಯುತ್ತೇವೆ. ನಲವತ್ತನೆಯ ಕಾರ್ಡಿಗೆ ನನ್ನ ತೀರ್ಪು: ಇರಲಿ. ಚೀಟಿಯ "ಇನ್ನೊಂದು" ಪದಕ್ಕೆ ಸುಳಿ ಹಾಕಿ, ಕಾರ್ಡನ್ನು ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ. ನಿನ್ನ ಜೊತೆಗಾತಿಗೂ ತೋರಿಸು, ಚೀಟಿಯಿಲ್ಲದೆ.

ಇನ್ನೊಂದು ವಿಷಯ. ಬರೆಯಲೋ ಬೇಡವೋ ಎಂದು ಬೆಳಿಗ್ಗೆಯಿಂದ ಪೆನ್ನು ಕಚ್ಚುತ್ತಿದ್ದೇನೆ. ಬೈಂಡರ್ ಮನೆ ಬದಲಿಸುತ್ತಿದ್ದಾರೆ. ಮಹಡಿಯಲ್ಲಿ ಒಂದು ರೂಮಿನ ಮನೆಯೂ ಇದೆ, ಬಾಲ್ಕನಿ ಇರುವ ಎರಡು ರೂಮಿನದೂ ಇದೆ. ಮನೆಯೊಡತಿಗೆ ಶುಕ್ರವಾರ ಹೇಳಬೇಕಂತೆ. ಮೂರು ವಾರದ ಹಿಂದೆ ಕಟಿಂಗ್ ಮಷೀನ್ ಪಕ್ಕದಲ್ಲಿ ನಿಂತು, ನೆಲ ನೋಡುತ್ತಾ, ನನಗೊಬ್ಬನಿಗಾದರೆ ಒಂದು ರೂಮು ಸಾಕು, ಸಾಕಾ ಸಾಲದಾ ನೀವೇ ಹೇಳಬೇಕು ಅಂದರು. ಜಗತ್ತಿನಲ್ಲಿ ಯಾರಾದರೂ ಹೀಗೆ ಕೇಳುತ್ತಾರಾ? ನಾನು ತಂಗಿಯ ಪಂದ್ಯ ಮುಗಿಯಲಿ, ಅವಳದೊಂದು ನೆಲೆಯಾಗಲಿ ಎಂದೆ. ಇದೇ ಮಾತನ್ನು ಎಂಟು ವರ್ಷದ ಹಿಂದೆ ಬೇರೊಬ್ಬರಿಗೂ ಹೇಳಿದ್ದೆ. ನಿನ್ನ ಓದು ಮುಗಿಯಲಿ ಎಂದು. ಅದೂ ನಿನಗೆ ಗೊತ್ತಿಲ್ಲ.

ಅದು ನಿನ್ನ ತಪ್ಪಲ್ಲ. ನೀನು ಯಾವತ್ತೂ ಹಾಗೆ ಕೇಳಿದವಳಲ್ಲ. ಚೀಟಿ ಬರೆದವಳು ನಾನು. ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ಶುಕ್ರವಾರದವರೆಗೆ ಯೋಚಿಸುತ್ತೇನೆ. ಭಾನುವಾರ ಮೂರನೇ ಸಾಲಿನಲ್ಲಿ ನನಗೊಂದು ಸೀಟು ಹಿಡಿದಿಡು.

ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ತಪ್ಪು ಬಿಟ್ಟ,
ನಿನ್ನ ಅಕ್ಕ

ತಾ.ಕ.: ಲಕೋಟೆಗೆ ಅಂಟು ಬೇಕೆಂದು ಬೈಂಡಿಂಗ್ ಕೋಣೆಗೆ ಹೋಗಿದ್ದೆ. ಬೈಂಡರ್ ಡಬ್ಬಿ ಮುಂದೆ ಸರಿಸಿದರು. ಆಮೆಯ ಚೀಟಿಯಲ್ಲಿ ನಾನು ಸುಳಿ ಹಾಕಿ ಹೊಡೆದುಹಾಕಿದ ಪದ ಬಾಯಿಗೆ ಬಂತು. ಶುಕ್ರವಾರದವರೆಗೆ ಕಾಯಲಾಗಲಿಲ್ಲ ಕಣೇ. "ಒಂದು ರೂಮು ಸಾಲಲ್ಲ, ಇನ್ನೊಂದೂ ಬೇಕು" ಅಂದುಬಿಟ್ಟೆ. ಮೂರನೇ ಸಾಲಿನಲ್ಲೂ ಇನ್ನೊಂದು ಸೀಟು ಹಿಡಿದಿಡು.