ನಾಲ್ಕು ಹೆಸರಿನ ಅಲ್ವಿಸೆ

ಆಂಟ್ವೆರ್ಪ್, ಸೆಪ್ಟೆಂಬರ್ 1554

ಅಕ್ಕರೆಯ ಅಮ್ಮನಿಗೆ, ದೂರದಿಂದ ಕಾಲಿಗೆರಗುವ ಓರ್ಸೋಲಾ ಬರೆಯುವುದೇನೆಂದರೆ,

ನನ್ನ ತಮ್ಮ ಅಲ್ವಿಸೆ ಬದುಕಿದ್ದಾನೋ ಇಲ್ಲವೋ, ಅದೊಂದನ್ನು ತಿಳಿದು ಬರೆ ಎಂದು ನೀನು ಕೇಳಿದ್ದೆ. ಅಪ್ಪ ತೀರಿಹೋದರೂ ಅವನು ಪಾದುವಾದ ಮನೆಗೆ ಬರಲಿಲ್ಲವೆಂದರೆ ಅವನೂ ಮಣ್ಣು ಸೇರಿರಬೇಕೆಂದು ನೀನು ಅತ್ತಿದ್ದೆ. ಅಳಬೇಡ, ಮೊದಲು ಇದನ್ನು ಓದು.

ನಮ್ಮ ಯಜಮಾನರ ಪುಸ್ತಕದ ಅಂಗಡಿಗೆ ಎಲ್ಲ ಊರುಗಳ ಲ್ಯೂಟ್ ವಾದ್ಯದ ಪುಸ್ತಕಗಳೂ ಬರುತ್ತವೆ. ಲ್ಯೂಟಿಗೆ ರಾಗ ಕಟ್ಟುವ ನಿನ್ನ ಮಗನನ್ನು ಅವುಗಳಲ್ಲೇ ಹುಡುಕಿದೆ. ಅವನು ಮನೆಯಲ್ಲಿದ್ದಾಗಲೇ ಅಚ್ಚಾದ ವೆನಿಸ್ಸಿನ ಪುಸ್ತಕದಲ್ಲಿ ಅಲ್ವಿಸೆ ಜೋರ್ಜಾನ್ ಇದ್ದಾನೆ. ಪ್ಯಾರಿಸ್ಸಿನದರಲ್ಲಿ ಲೂಯಿ ಜೊರ್ಜಾಂ. ಲೂವೆನ್ನಿನ ಪಂಡಿತರು ಲ್ಯಾಟಿನ್ ಬಾಲ ಅಂಟಿಸಿ ಅಲೊಯ್ಸಿಯಸ್ ಜೊರ್ಜಾನಸ್ ಮಾಡಿದ್ದಾರೆ. ಇಲ್ಲಿಯವರಿಗೆ ಅವನು ಲೋಡೆವೈಕ್. ಸಾಲಿನಲ್ಲಿ ಜಾಗ ಸಾಲದಿದ್ದರೆ ಅಚ್ಚಿನ ಮೊಳೆ ಜೋಡಿಸುವವನು ಹೆಸರಿನ ಬಾಲವನ್ನೇ ಕತ್ತರಿಸುತ್ತಾನೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಈ ನಾಲ್ವರೂ ಒಬ್ಬನೇ ಎಂದು ನಂಬುವುದು ಹೇಗೆ?

ಲ್ಯೂಟ್ ತೆಗೆದು ನುಡಿಸಿಯೇ ನೋಡಿದೆ. ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂಬುದೇ ಅಲ್ಲಿ ಅಚ್ಚಾಗಿರುತ್ತದಲ್ಲ. ಚಿಕ್ಕಂದಿನಲ್ಲಿ ನಾಯಿ ಕಚ್ಚಿ ಅಲ್ವಿಸೆಯ ಎಡಗೈ ಕಿರುಬೆರಳು ಮರಗಟ್ಟಿತ್ತು. ನಾಲ್ಕೂ ಪುಸ್ತಕಗಳಲ್ಲಿ ಕಿರುಬೆರಳಿಗೆ ಕೆಲಸವೇ ಇಲ್ಲ! ಬೇರೆಯವರು ಆ ಬೆರಳು ಚಾಚುವ ಕಡೆಯಲ್ಲೆಲ್ಲ ಇವನು ಇಡೀ ಕೈಯನ್ನೇ ಹಾರಿಸಿದ್ದಾನೆ. ನಗು ಬಂತು, ಹಿಂದೆಯೇ ಅಳುವೂ ಬಂತು.

ಆದರೆ ಸತ್ತವರ ಕೃತಿಗಳನ್ನೂ ಅಚ್ಚು ಹಾಕುತ್ತಾರೆ. ಅದಕ್ಕೇ ಇಲ್ಲಿಯ ಮುದ್ರಕ ಯೂಸ್‌ನ ಬಳಿ ಹೋಗಿ, ಈ ಲೋಡೆವೈಕ್ ಇದ್ದಾನೆಯೇ, ಹೆಸರನ್ನು ಯಾಕೆ ಹೀಗೆ ತಿರುಚಿದಿರಿ ಎಂದು ಕೇಳಿದೆ.

"ಹೋದ ತಿಂಗ್ಳು ಅವ್ನೇ ಬಂದಿದ್ನಮ್ಮ" ಎಂದ. "ಅಚ್ಚಲ್ಲಿ ಒಂದು ಗುರುತು ತಪ್ಪಿದೆ ಅಂತ ನನ್ನ ಪ್ರಾಣ ಹಿಂಡ್ದ. ಹೆಸರು ಸರಿಯಿದ್ಯೇನಪ್ಪ ಅಂದ್ರೆ, 'ಏನಾದ್ರೂ ಹಾಕ್ಕೊಳಿ, ಮನೆ ಹೆಸರು ಹೇಳ್ಬೇಡ ಅಂದಿದಾರೆ ನಮ್ಮಪ್ಪ' ಅಂದ."

ಊಟದ ನಡುವೆ ಸಿಟ್ಟಿಗೆದ್ದು ಅವನನ್ನು ಹೊರಗೆ ಹಾಕುವಾಗ ಅಪ್ಪ ಅಂದ ಆ ಮಾತನ್ನು ಅವನು ಇಷ್ಟು ವರ್ಷ ಹೊತ್ತು ತಿರುಗಿದ್ದಾನೆ. ಅಪ್ಪ ಇಲ್ಲವೆಂಬುದೇ ಅವನಿಗೆ ಗೊತ್ತಿರಲಿಲ್ಲ. ನಿನ್ನ ಮಗ ಬದುಕಿದ್ದಾನೆ, ಅಮ್ಮ. ಅವನಿರುವ ಜಾಗವನ್ನು ಯೂಸ್ ಹೇಳಿದ. ಮುಂದಿನದನ್ನು ಕಾಗದದಲ್ಲಿ ಬರೆಯಲು ಮನಸ್ಸಿಲ್ಲ.

ನಿನ್ನ ಮಗಳು,
ಓರ್ಸೋಲಾ

ಮತ್ತೆ: ಈ ಕಾಗದವನ್ನು ನಿನಗೆ ತಂದ ವ್ಯಾಪಾರಿಯ ಜೊತೆ ಇನ್ನೊಬ್ಬನೂ ಬಂದಿದ್ದಾನೆ. ನಿನ್ನ ಮನೆಯ ಎದುರಿನ ಕಮಾನಿನ ಕೆಳಗೆ ನಿಂತಿರುತ್ತಾನೆ. ಅಪ್ಪ ಹೊರಗೆ ಹಾಕಿದ ಮನೆ, ಅಮ್ಮ ಕರೆಯದೆ ಹೊಸಿಲು ದಾಟುವುದಿಲ್ಲವೆಂದು ಹಟ ಹಿಡಿದಿದ್ದಾನೆ. ಬೀದಿಯವರು ಕೇಳಿದರೆ ಕೇಳಲಿ, ಕಿಟಕಿ ತೆರೆದು ಗಟ್ಟಿಯಾಗಿ ಕೂಗು.