ಹಸಿರು ಬೂಷ್ಟು, ಅಕ್ಕನ ಪೊರಕೆ

ಜೂನ್ 6, ಬೆಳಗ್ಗೆ

ಪಾಲಿಹೌಸ್‌ಗೆ ನೀರು ಬಿಟ್ಟೆ. ಲೆಟಿಸ್‌ನಲ್ಲಿ ಮತ್ತೆ ಅದೇ ಕಥೆ — ಬುಡದಲ್ಲಿ ಹತ್ತಿಯಂಥ ಬಿಳಿ ಬೂಷ್ಟು, ಎಲೆಯೆಲ್ಲ ಜೋಲು. ನಿನ್ನೆ ನಿಂತಿತ್ತು ಸಾಲು, ಇಂದು ಕೊಳೆಯ ಪಾಲು. ಪ್ರಾಸಕ್ಕೇನೂ ರೋಗ ತಗುಲಿಲ್ಲ.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮುಂದಿನ ನಾಟಿನೂ ಹೀಗೇ ಆದ್ರೆ ಲೆಟಿಸ್‌ಗೆ ದೊಡ್ಡ ನಮಸ್ಕಾರ. ಗುಲಾಬಿ ಹಾಕ್ತೀನಿ. ನಿನ್ನ ಸೊಪ್ಪು ನಿನ್ನ ತಲೆ ಮೇಲೆ ಬೆಳ್ಕೋ, ಜಾಗ ಖಾಲಿ ಇದೆ."

ಬೋಳುತಲೆ ಸವರಿಕೊಂಡೆ.

ಜೂನ್ 8

ಅಂಗಡಿಯಿಂದ ಟ್ರೈಕೋಡರ್ಮಾ ಪುಡಿ ತಂದೆ. ಒಳ್ಳೆಯ ಬೂಷ್ಟು, ಕೆಟ್ಟ ಬೂಷ್ಟನ್ನು ತಿನ್ನುತ್ತದೆ. ಪ್ಯಾಕೆಟ್ ಮೇಲಿನ ಇಂಗ್ಲಿಷ್ ಅರ್ಥವಾಗುವಷ್ಟರಲ್ಲಿ ಟೀ ಆರಿತು. ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ಷೆಡ್ಡಿನ ಮೂಲೆಯಲ್ಲಿ ಒದ್ದೆ ಗೋಣಿ ಹೊದಿಸಿದೆ. ಹಸಿರಾಗುವವರೆಗೆ ಕಾಯಬೇಕು. ಅಕ್ಕನಿಗೆ ಹೇಳಲಿಲ್ಲ. ಬೂಷ್ಟು ಸಾಕುತ್ತಿದ್ದೇನೆ ಅಂತ ಯಾವ ಬಾಯಲ್ಲಿ ಹೇಳಲಿ?

ಜೂನ್ 17, ಸಂಜೆ

ಗೋಣಿ ಹಗ್ಗದ ಮೇಲೆ ಒಣಗುತ್ತಿದೆ. ಷೆಡ್ಡೆಲ್ಲ ಫಿನಾಯಿಲ್ ವಾಸನೆ.

"ಅಕ್ಕ, ಇಲ್ಲಿದ್ದ ಗೊಬ್ಬರ?"

"ಗೊಬ್ಬರಾನಾ ಅದು? ಹಸಿರು ಬೂಷ್ಟು ಹಿಡ್ದಿತ್ತು ಕಣೋ. ಪೊರಕೇಲಿ ಗುಡಿಸಿ, ಕೊನೇ ಮಡೀಲಿ ಕೊಳೆತ ಗಿಡದ ಮೇಲೆ ಸುರಿದು ಮಣ್ಣು ಮುಚ್ಚಿದೆ."

"ಅದೇ ಔಷಧಿ!"

"ಬೂಷ್ಟಿಗೆ ಬೂಷ್ಟೇ ಔಷಧೀನಾ? ಇದಕ್ಕಾ ನೀನು ಡಿಗ್ರಿ ಓದಿದ್ದು?"

ಅಂಗಡಿಯಲ್ಲಿ ಇನ್ನೊಂದು ಪ್ಯಾಕೆಟ್ ಇಲ್ಲ. ಸಸಿ ಕಾಯುವುದಿಲ್ಲ. ನಾಳೆ ಹಾಗೇ ನಾಟಿ. ಮಿಕ್ಕ ಸಸಿ ಎಸೆಯಲು ಮನಸ್ಸಿಲ್ಲ — ಆ ಕೊನೆಯ ಮಡಿಗೇ ನೆಡುವುದು.

ಜುಲೈ 9

ಬರೆಯಲು ಮನಸ್ಸಿರಲಿಲ್ಲ.

ಎಲ್ಲ ಮಡಿಗಳಲ್ಲೂ ಅಲ್ಲೊಂದು ಇಲ್ಲೊಂದು ಗಿಡ ಮಲಗಿದೆ. ಕೊನೆಯದರಲ್ಲಿ ಮಾತ್ರ... ಒಂದೂ ಇಲ್ಲ! ಎಲ್ಲಕ್ಕಿಂತ ಹಾಳಾಗಿದ್ದ ಮಡಿ ಅದು. ಈಗ ಎದೆಯುಬ್ಬಿಸಿ ನಿಂತಿದೆ. ಅಕ್ಕ ಬಗ್ಗಿ ಬುಡ ನೋಡಿದಳು. ಎದ್ದಳು. ಮತ್ತೆ ಬಗ್ಗಿದಳು.

ಜುಲೈ 10, ಬೆಳಗ್ಗೆ

ಷೆಡ್ಡಿನ ಮೂಲೆಯಲ್ಲಿ ಹೊಸ ಗೊಬ್ಬರದ ರಾಶಿ. ಪಕ್ಕದಲ್ಲಿ ಅದೇ ಗೋಣಿ, ಒಗೆದು ಮಡಿಸಿದ್ದು.

"ಗುಲಾಬಿ ಸಸಿಗೆ ಹೇಳಿದ್ಯಾ ಅಕ್ಕ?"

"ಯಾವ ಗುಲಾಬಿ? ಹೋಗಿ ನಿನ್ನ ಬೂಷ್ಟು ತಗೊಂಡ್ ಬಾ. ಎಲ್ಲಾ ಮಡಿಗೂ ಆಗೋಷ್ಟು. ಈ ಸಲಾನೂ ಸುರಿಯೋದು ನಾನೇ. ನೀನು ಮುಚ್ಚಿಟ್ಕೊಂಡು ಕೂತಿದ್ರೆ ಇನ್ನೂ ಮೂಲೇಲೇ ಇರ್ತಿತ್ತು."

ಒಂದು ಪ್ರಾಸ ಹೊಳೆಯಿತು. ಗೇಟಿನಿಂದ ಆಗಲೇ ಕೂಗುತ್ತಿದ್ದಾಳೆ, ಬರೆದಿಟ್ಟು ಓಡುತ್ತೇನೆ —

ಹಸಿರು ಬೂಷ್ಟಿಗೆ ಜೈ,
ಎಸೆದು ಗೆಲ್ಲಿಸಿತು ಅಕ್ಕನ ಕೈ!