ಪಾತ್ರೆಯ ಜೊತೆಗೊಬ್ಬರು

ಬಿಲ್ಬಾವೊ
ಮಾರ್ಚ್ ೩, ಸೋಮವಾರ

ಪ್ರೀತಿಯ ಅಮ್ಮಾ,

ಸೊಂಟದ ನೋವು ಹೇಗಿದೆ? ಫೋನಿನಲ್ಲಿ ಕೇಳಿದರೆ ‘ಸೊಂಟ ಇದ್ದಲ್ಲೇ ಇದೆ’ ಎಂದು ಹೇಳಿ ಬೇರೆ ಮಾತೆತ್ತುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಇದರ ಬಾಯಿ ಮುಚ್ಚಿಸಲು ನಿನ್ನಿಂದ ಆಗುವುದಿಲ್ಲ. ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಳ್ಳುತ್ತೀಯಾ? ನಾನು ಚೆನ್ನಾಗಿದ್ದೇನೆ. ಶಾಲೆಯಲ್ಲಿ ಮಕ್ಕಳಿಗೆಲ್ಲ ಕೆಮ್ಮು, ನನಗೂ ಸ್ವಲ್ಪ.

ಶುಕ್ರವಾರ ಎಂದಿನಂತೆ ನೀನು ಕಳಿಸುವ ಅಡುಗೆಯ ಪಾತ್ರೆ ತೆಗೆದುಕೊಳ್ಳಲು ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಹೋದ ಸಲದ ಪಾತ್ರೆಯನ್ನು ತೊಳೆದು, ಖಾಲಿ ಕಳಿಸಬಾರದೆಂದು ಬೆಣ್ಣೆ ಬನ್ನು ತುಂಬಿಕೊಂಡಿದ್ದೆ. ನಮ್ಮೂರು ಹಿಹೋನಿನ ಬಸ್ಸು ಬಂತು, ಡ್ರೈವರ್ ಸೆವೆರೀನೊ ಬರಿಗೈಯಲ್ಲಿ ಇಳಿದ. ‘ನನ್ನನ್ನ ಹಾಗೆ ನೋಡಬೇಡ ಕೋವಾ, ನಾನೇನು ತಿಂದುಬಿಟ್ಟಿಲ್ಲ’ ಎಂದ. ಹೊಸ ನಿಯಮ ಬಂದಿದೆಯಂತೆ. ಜೊತೆಗೆ ಪ್ರಯಾಣಿಕರಿಲ್ಲದೆ ಒಂದು ಚೀಲವೂ ಬಸ್ಸು ಹತ್ತುವಂತಿಲ್ಲ. ನೋಡಿಕೊಳ್ಳಲು ಹಿಹೋನಿನಲ್ಲಿ ಒಬ್ಬ ತಪಾಸಣೆಯವನನ್ನೂ ನಿಲ್ಲಿಸಿದ್ದಾರಂತೆ. ‘ನಿಮ್ಮಮ್ಮ ಅವನಿಗೆ ಏನಂದ್ರು ಗೊತ್ತಾ? ಏನಪ್ಪಾ ಸಾಹೇಬ, ಈ ಪಾತ್ರೆ ನಿನಗಿಂತ ಹೆಚ್ಚು ಸಲ ಬಿಲ್ಬಾವೊ ನೋಡಿದೆ, ಸ್ವಲ್ಪ ಮರ್ಯಾದೆ ಕೊಡು ಅಂತ! ಸಾಲಲ್ಲಿ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು. ಅವನು ಮಾತ್ರ ಬಿಡಲಿಲ್ಲ.’ ನಾನೂ ನಕ್ಕೆ. ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು, ನಿನಗೆಂದು ತಂದ ಬನ್ನುಗಳಲ್ಲಿ ಮೂರನ್ನು ಒಬ್ಬಳೇ ತಿಂದೆ. ನೀನು ಆ ಬಿಸಿ ಪಾತ್ರೆಯನ್ನು ಹೊತ್ತು, ಆ ಸೊಂಟ ಇಟ್ಟುಕೊಂಡು, ಮತ್ತೆ ನಮ್ಮ ಕೇರಿ ಸಿಮಾದೆವಿಯಾದ ಏರು ಹತ್ತಿದ್ದು ಕಣ್ಣ ಮುಂದೆ ಬರುತ್ತಿತ್ತು.

ಅದೇ ಸಂಜೆ ಒವಿಯೆದೊದಿಂದ ಎಲಾದಿಯೊ ಅಣ್ಣನ ಫೋನು. ‘ಪಾತ್ರೆ ನಿಂತಿದ್ದು ಒಳ್ಳೇದೇ ಆಯ್ತು ಬಿಡು. ಈಸ್ಟರ್ ಹೊತ್ತಿಗೆ ಅಮ್ಮನ್ನ ನಮ್ಮನೆಗೆ ಕರ್ಕೊಂಡು ಬರ್ತೀನಿ. ಅಲ್ಲಿ ಅವಳು ಒಲೆ ಮುಟ್ಟೋದೇ ಬೇಡ.’ ಅಮ್ಮನನ್ನು ಕೇಳಿದೆಯಾ ಎಂದೆ. ‘ಕೇಳೋದೇನು ಬಂತು ಕೋವಾ? ಅವಳ ಒಳ್ಳೇದಕ್ಕೇ ಅಲ್ವಾ?’ ಹಾಗಾದರೆ ಈಸ್ಟರ್‌ವರೆಗೆ ಇಲ್ಲಿಗೆ ಕರೆಸಿಕೊಳ್ಳುತ್ತೇನೆ, ಬಸ್ಸಿನಲ್ಲಿ ಬರಲಿ ಎಂದೆ. ಅವನು ನಕ್ಕ. ‘ಅಮ್ಮಂಗೆ ಬಸ್ಸು ಆಗಲ್ಲ, ವಾಂತಿ ಆಗುತ್ತೆ. ಅಷ್ಟೂ ಗೊತ್ತಿಲ್ವಾ ನಿನಗೆ?’

ಗೊತ್ತಿತ್ತು. ನಮ್ಮ ಮನೆಯಲ್ಲಿ ಅದು ಯಾರಿಗೆ ಗೊತ್ತಿಲ್ಲ? ಸಾನ್ ಮಾತೆಯೊ ಹಬ್ಬಕ್ಕೆ ಅಪ್ಪನ ಜೊತೆ ಬಸ್ಸಿನಲ್ಲಿ ಒವಿಯೆದೊಗೆ ಹೋದಾಗ ನೀನು ಅವರ ಹೊಸ ಟೋಪಿಯೊಳಗೇ ವಾಂತಿ ಮಾಡಿಕೊಂಡ ಕಥೆಯನ್ನು ಪ್ರತಿ ಕ್ರಿಸ್‌ಮಸ್ ಊಟಕ್ಕೂ ಕೇಳಿ ಬೆಳೆದವರು ನಾವು. ‘ಇವಳನ್ನ ಬಸ್ಸು ಹತ್ತಿಸಿದರೆ ನನ್ನ ಟೋಪಿಗೆ ಉಳಿಗಾಲವಿಲ್ಲ’ ಎಂದು ಅಪ್ಪ ಅನ್ನುತ್ತಿದ್ದರು, ನೀನೂ ನಗುತ್ತಿದ್ದೆ. ಆಮೇಲೆ ಅಪ್ಪ ನಿನ್ನನ್ನು ಎಲ್ಲಿಗೂ ಬಸ್ಸು ಹತ್ತಿಸಲಿಲ್ಲ. ಅವರು ತೀರಿಕೊಂಡ ಮೇಲೆ ಆ ತೀರ್ಪು ಅಣ್ಣನಿಗೆ ಬಂತು. ಆದರೆ ಅಮ್ಮಾ, ಮೊನ್ನೆ ಫೋನು ಇಟ್ಟ ಮೇಲೆ ನಾನು ಮೊದಲ ಸಲ ಲೆಕ್ಕ ಹಾಕಿದೆ. ಸಾನ್ ಮಾತೆಯೊ ಬರುವುದು ಸೆಪ್ಟೆಂಬರಿನಲ್ಲಿ. ನೀವು ಹೋದದ್ದು ಮದುವೆಯಾದ ವರ್ಷ. ಎಲಾದಿಯೊ ಹುಟ್ಟಿದ್ದು ಮರುವರ್ಷದ ಏಪ್ರಿಲಿನಲ್ಲಿ. ನಿನಗೆ ವಾಂತಿ ಬರಿಸಿದ್ದು ಬಸ್ಸಲ್ಲ, ನಿನ್ನ ಮಗ! ಐವತ್ತು ವರ್ಷದಿಂದ ಒಂದು ಬಡಪಾಯಿ ಬಸ್ಸಿನ ಮೇಲೆ ತಪ್ಪು ಹೊರಿಸಿಕೊಂಡು ಕೂತಿದ್ದೇವೆ. ಅಣ್ಣನಿಗೆ ಆಗಲೇ ಫೋನು ಮಾಡಿ ಹೇಳಿಬಿಟ್ಟೆ. ‘ಆದರೂ ರಿಸ್ಕ್ ಯಾಕೆ?’ ಎಂದ.

ಅವನ ಮೇಲೆ ಸಿಟ್ಟು ಬಂತು. ಆದರೆ ತಪ್ಪನ್ನು ಅವನೊಬ್ಬನ ತಲೆಗೆ ಕಟ್ಟಲು ಮನಸ್ಸು ಒಪ್ಪುತ್ತಿಲ್ಲ. ಇಪ್ಪತ್ತೆರಡು ವರ್ಷ ಪಾತ್ರೆಯಲ್ಲಿ ಬಂದ ನಿನ್ನ ಕೈಯ ಫಬಾದ ಸಾರು ತಿಂದೆ. ದಪ್ಪ ಬಿಳಿ ಕಾಳು ಬಾಯಲ್ಲಿಟ್ಟರೆ ಕರಗುತ್ತದೆ ಎಂದು ಫೋನಿನಲ್ಲಿ ಹೊಗಳಿದೆ. ‘ನೀನೇ ಬಾ’ ಎಂದು ಒಮ್ಮೆಯಾದರೂ ಕರೆದೆನೇ? ನೆನಪಾಗುತ್ತಿಲ್ಲ. ನೀನು ಬಂದರೆ ನನ್ನ ಸಣ್ಣ ಮನೆ, ನನ್ನ ಒಂಟಿತನ ಎಲ್ಲ ಕಣ್ಣಿಗೆ ಬೀಳುತ್ತದೆಂಬ ಭಯವಿತ್ತೇನೋ. ಪಾತ್ರೆಗೆ ಕಣ್ಣಿಲ್ಲ, ಬಂದರೆ ಏನೂ ಕೇಳುವುದಿಲ್ಲ. ಹಾಗಾಗಿ ಆ ಬಸ್ಸಿನ ಕಥೆ ನನಗೂ ಅನುಕೂಲವಾಗಿತ್ತು. ಇನ್ನು ಅದು ನಡೆಯುವುದಿಲ್ಲ. ತಂಬಾಕು ಕಾರ್ಖಾನೆಯಲ್ಲಿ ದುಡಿಯುವಾಗ ಮೇಸ್ತ್ರಿಯ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತ ನಿನ್ನನ್ನು ಕುರ್ಚಿಯ ಹಾಗೆ ಒಂದು ಮನೆಯಿಂದ ಎತ್ತಿ ಇನ್ನೊಂದು ಮನೆಯಲ್ಲಿ ಇಡಲು ನಾನು ಬಿಡುವುದಿಲ್ಲ. ನೀನೇ ಒವಿಯೆದೊಗೆ ಹೋಗುತ್ತೇನೆ ಎಂದರೆ ಸರಿ, ಪೆಟ್ಟಿಗೆ ಕಟ್ಟಲು ನಾನೇ ಬರುತ್ತೇನೆ. ಆದರೆ ಆ ಮಾತು ನಿನ್ನ ಬಾಯಿಂದ ಬರಬೇಕು.

ಕೆಳಗಿನ ಮನೆಯವರಿಗೆಲ್ಲ ನನ್ನ ನೆನಪು ಹೇಳು. ನಿನಗೆ ಎರಡು ಕೆನ್ನೆಗೂ ಮುತ್ತು.

ನಿನ್ನ
ಕೋವಾ

ಮರೆತಿದ್ದೆ: ಲಕೋಟೆಯೊಳಗೆ ಟಿಕೆಟ್ ಇದೆ, ನಿನ್ನ ಹೆಸರಿನಲ್ಲಿ. ಹದಿನಾಲ್ಕನೇ ತಾರೀಕು, ಶುಕ್ರವಾರ, ಸೆವೆರೀನೊನ ಬಸ್ಸು, ಅವನ ಹಿಂದಿನ ಕಿಟಕಿ ಸೀಟು. ದಾರಿಯುದ್ದಕ್ಕೂ ಸಮುದ್ರ ನಿನ್ನ ಕಡೆಗೇ ಇರುತ್ತದೆ. ಸಾಂತಾಂದೆರ್‌ನಲ್ಲಿ ಸೊಂಟ ನೆಟ್ಟಗೆ ಮಾಡಿಕೊಳ್ಳುವಷ್ಟು ಹೊತ್ತು ನಿಲ್ಲಿಸುತ್ತಾನೆ, ಮಾತಾಡಿದ್ದೇನೆ. ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಹತ್ತು. ಜೊತೆಗೆ ಪ್ರಯಾಣಿಕರು ಬೇಕು ಎಂದನಲ್ಲ ಆ ಸಾಹೇಬ, ಅವನಿಗೆ ಈ ಟಿಕೆಟ್ ತೋರಿಸು. ಬರಲು ಮನಸ್ಸಿಲ್ಲದಿದ್ದರೆ ಟಿಕೆಟ್ ಹರಿದುಹಾಕು, ನನಗೇನೂ ಬೇಸರವಿಲ್ಲ. ಆದರೆ ನೀನೇ ಹರಿ ಅಮ್ಮಾ. ಅಣ್ಣನ ಕೈಗೆ ಕೊಡಬೇಡ.